ಮಳೆ ತಪ್ಪಿದ ವರ್ಷವೇ ಅಳತೆಗೋಲು: ನಾಲ್ಕು ಬರಸೀಮೆಯ ತಾಲ್ಲೂಕುಗಳಲ್ಲಿ ಬೇಸಾಯದ ನಾಳೆ

ತುಮಕೂರು ಜಿಲ್ಲೆಯ ಉತ್ತರ ಮತ್ತು ಪೂರ್ವದ ಅಂಚಿನಲ್ಲಿರುವ ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳು ಕರ್ನಾಟಕದ ಹತ್ತು ಕೃಷಿ ಹವಾಮಾನ ವಲಯಗಳಲ್ಲಿ ಮಧ್ಯ ಒಣ ವಲಯಕ್ಕೆ ಸೇರುತ್ತವೆ. ಸಹ್ಯಾದ್ರಿಯ ಮಳೆನೆರಳಿನಲ್ಲಿರುವ ಈ ಸೀಮೆಗೆ ವರ್ಷಕ್ಕೆ ಸರಾಸರಿ 550ರಿಂದ 700 ಮಿಲಿಮೀಟರ್ ಮಳೆ ಬರುತ್ತದೆ. ಅದರ ದೊಡ್ಡ ಪಾಲು ಆಗಸ್ಟ್ ಕೊನೆಯಿಂದ ಅಕ್ಟೋಬರ್‌ವರೆಗೆ ಕೆಲವೇ ದಿನಗಳಲ್ಲಿ ಸುರಿದು ಹೋಗುತ್ತದೆ, ಒಂದು ಊರಿನ ಹೊಲ ತೊಯ್ದ ದಿನವೇ ಪಕ್ಕದ ಊರಿನ ಹೊಲ ಒಣಗಿ ನಿಂತಿರುವುದೂ ಉಂಟು. ನೆಲ ಬಹುಪಾಲು ಗ್ರಾನೈಟ್ ಮತ್ತು ನೈಸ್ ಶಿಲೆಗಳು ಸವೆದು ಉಂಟಾದ ಕೆಂಪು ಮರಳುಮಣ್ಣು. ಅದು ನೀರನ್ನು ಬೇಗ ಕುಡಿಯುತ್ತದೆ, ಬೇಗ ಕಳೆದುಕೊಳ್ಳುತ್ತದೆ. ಜಯಮಂಗಲಿ, ಸುವರ್ಣಮುಖಿ, ಉತ್ತರ ಪಿನಾಕಿನಿಗಳು ಈ ನೆಲದಲ್ಲಿ ಹರಿದರೂ ವರ್ಷದ ಹೆಚ್ಚಿನ ಕಾಲ ಅವು ಬರಿಯ ಮರಳಿನ ಹಾಸುಗಳಾಗಿಯೇ ಕಾಣುತ್ತವೆ.

ಇಂತಹ ನೆಲದಲ್ಲಿ ಮುಂದಿನ ತಲೆಮಾರು ಏನನ್ನು ಬೆಳೆದು ಏನನ್ನು ಉಣ್ಣಬೇಕು ಎಂಬ ಪ್ರಶ್ನೆಯನ್ನು ಇಂದು ಜಗತ್ತಿನ ಸಂಶೋಧಕರು ಸುಸ್ಥಿರ ಆಹಾರ ವ್ಯವಸ್ಥೆ ಎಂಬ ಹೆಸರಿನಡಿ ಚರ್ಚಿಸುತ್ತಿದ್ದಾರೆ. ಬೀಜ, ಮಣ್ಣು, ನೀರು, ದುಡಿಮೆ, ಸಾಗಣೆ, ಮಾರುಕಟ್ಟೆ, ಅಡುಗೆಮನೆ ಇವೆಲ್ಲ ಸೇರಿದ ಇಡೀ ಸರಪಳಿಯೇ ಆಹಾರ ವ್ಯವಸ್ಥೆ. ಇಂದಿನವರಿಗೆ ಸಾಕಷ್ಟು ಪೌಷ್ಟಿಕ ಆಹಾರವನ್ನು ಒದಗಿಸುತ್ತಲೇ ಮುಂದಿನವರ ಆಹಾರಕ್ಕೆ ಆಧಾರವಾದ ನೆಲ, ನೀರು, ಆದಾಯ ಮತ್ತು ಸಮಾಜವನ್ನು ಕೆಡಿಸದೆ ಉಳಿಸುವ ವ್ಯವಸ್ಥೆಯನ್ನು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಸುಸ್ಥಿರವೆಂದು ಕರೆಯುತ್ತದೆ. ಇದು ಯಾರೂ ಒಪ್ಪಬಹುದಾದ ಮಾತು. ಆದರೆ ಅದನ್ನು ಅಳೆಯುವುದು ಹೇಗೆ ಎಂಬಲ್ಲಿ ಬರಸೀಮೆಯ ಅನುಭವ ಬೇರೆಯದೇ ಉತ್ತರವನ್ನು ಕೊಡುತ್ತದೆ. ಕೃಷಿ ಅಂಕಿಅಂಶಗಳು ಸಾಮಾನ್ಯವಾಗಿ ಸರಾಸರಿ ಇಳುವರಿಯನ್ನು ಹೇಳುತ್ತವೆ; ಆದರೆ ಈ ನಾಲ್ಕು ತಾಲ್ಲೂಕುಗಳಲ್ಲಿ ಸರಾಸರಿ ವರ್ಷ ಎಂಬುದು ಅಪರೂಪ. 2022ರಲ್ಲಿ ಅತಿಮಳೆಗೆ ಎಷ್ಟೋ ವರ್ಷಗಳಿಂದ ತುಂಬದಿದ್ದ ಕೆರೆಗಳು ಕೋಡಿ ಬಿದ್ದವು. ಮರುವರ್ಷ 2023ರಲ್ಲಿ ರಾಜ್ಯದ 200ಕ್ಕೂ ಹೆಚ್ಚು ತಾಲ್ಲೂಕುಗಳನ್ನು ಬರಪೀಡಿತವೆಂದು ಸರ್ಕಾರ ಘೋಷಿಸಬೇಕಾಯಿತು. ಒಳ್ಳೆಯ ವರ್ಷದಲ್ಲಿ ಎಷ್ಟು ಬೆಳೆಯುತ್ತದೆ ಎಂಬುದಕ್ಕಿಂತ ಕೆಟ್ಟ ವರ್ಷದಲ್ಲಿ ಏನು ಉಳಿಯುತ್ತದೆ ಎಂಬುದನ್ನು ನೋಡಿಯೇ ಇಲ್ಲಿನ ಬೇಸಾಯದ ಗಟ್ಟಿತನವನ್ನು ಅಳೆಯಬೇಕು. ಈ ಅಳತೆಗೋಲನ್ನು ಕೈಯಲ್ಲಿ ಹಿಡಿದು ನೋಡಿದರೆ ಕಳೆದ ಐವತ್ತು ವರ್ಷಗಳ ಬದಲಾವಣೆಗಳೂ ವಿಜ್ಞಾನಿಗಳ ಕೆಲಸವೂ ಹೊಸ ಅರ್ಥವನ್ನು ಪಡೆಯುತ್ತವೆ.

ಆ ಬದಲಾವಣೆಗಳಲ್ಲಿ ಮೊದಲನೆಯದು ಕಡಲೆಕಾಯಿಯ ಹರಡುವಿಕೆ. ಪಾವಗಡ, ಶಿರಾ, ಮಧುಗಿರಿಯ ಬೆದ್ದಲು ಹೊಲಗಳಲ್ಲಿ, ಅಂದರೆ ಮಳೆಯನ್ನೇ ನಂಬಿದ ಹೊಲಗಳಲ್ಲಿ, ಹಿಂದೆ ರಾಗಿ, ನವಣೆ, ಸಾಮೆ, ಜೋಳ, ಹುರುಳಿ, ಅವರೆ, ತೊಗರಿಗಳು ಬೆರೆತು ಬೆಳೆಯುತ್ತಿದ್ದವು. 1970ರ ದಶಕದಿಂದ ಈಚೆಗೆ ಎಣ್ಣೆಕಾಳಿಗೆ ಬೆಲೆ ಬಂದಂತೆ ಈ ಜಾಗವನ್ನು ಕಡಲೆಕಾಯಿಯೊಂದೇ ಆಕ್ರಮಿಸಿಕೊಂಡಿತು. 1986ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಎಣ್ಣೆಕಾಳು ತಂತ್ರಜ್ಞಾನ ಮಿಷನ್ ಈ ಒಲವಿಗೆ ಬಲ ತಂದಿತು. ಪಕ್ಕದ ಅನಂತಪುರ ಜಿಲ್ಲೆಯೂ ಇದೇ ದಾರಿ ಹಿಡಿದು ದೇಶದಲ್ಲೇ ದೊಡ್ಡ ಕಡಲೆಕಾಯಿ ಪ್ರದೇಶಗಳಲ್ಲಿ ಒಂದೆನಿಸಿತು. ಹಣ ತಂದ ಬೆಳೆಯನ್ನು ರೈತರು ಆರಿಸಿಕೊಂಡದ್ದರಲ್ಲಿ ತಪ್ಪೇನೂ ಇರಲಿಲ್ಲ; ಅದೇ ಬೆಳೆ ಮಕ್ಕಳನ್ನು ಓದಿಸಿತು, ಮನೆ ಕಟ್ಟಿಸಿತು, ಅದರ ಹೊಟ್ಟು ದನಕರುಗಳಿಗೆ ಮೇವಾಯಿತು. ಆದರೆ 1994ರಿಂದ ಅಡುಗೆ ಎಣ್ಣೆಯ ಆಮದು ಸಡಿಲಗೊಂಡು ಅಗ್ಗದ ತಾಳೆ ಎಣ್ಣೆ ಒಳಬಂದಾಗ ಬೆಲೆಯ ಆಸರೆ ಅಲುಗಾಡಿತು, 2000ದಲ್ಲಿ ಅನಂತಪುರದ ಹೊಲಗಳನ್ನು ಕಾಂಡ ಒಣಗುವ ನಂಜುರೋಗವೊಂದು ಒಮ್ಮೆಗೇ ಆವರಿಸಿದಾಗ ಒಂಟಿ ಬೆಳೆಯ ಅಪಾಯ ಎಲ್ಲರ ಕಣ್ಣಿಗೆ ಬಿತ್ತು.

ಈ ಕಡಲೆಕಾಯಿಯ ಮೇಲೆ ನಡೆದ ಒಂದು ಸಂಶೋಧನೆ ವಿಶೇಷವಾಗಿ ನೆನಪಿಡಬೇಕಾದದ್ದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಹವಾಮಾನ ವಿಜ್ಞಾನಿ ಸುಲೋಚನಾ ಗಾಡ್ಗೀಳ್ ಅವರು, ಪಾವಗಡ ಸೀಮೆಯ ಬೇಸಾಯವನ್ನು ಒಳಗಿನಿಂದ ಬಲ್ಲ ಪಿ. ಆರ್. ಶೇಷಗಿರಿರಾವ್ ಮತ್ತಿತರರೊಡನೆ ಸೇರಿ, ರೈತರು ಕೇಳುವ ಪ್ರಶ್ನೆಗಳನ್ನೇ ಪ್ರಯೋಗಾಲಯದ ಪ್ರಶ್ನೆಗಳನ್ನಾಗಿ ಮಾಡಿಕೊಂಡರು. ಹಲವು ದಶಕಗಳ ದಿನದಿನದ ಮಳೆಯ ದಾಖಲೆಗಳನ್ನು ತೆಗೆದುಕೊಂಡು, ಗಿಡದ ಬೆಳವಣಿಗೆಯನ್ನು ಗಣಿತದಲ್ಲಿ ಅನುಕರಿಸುವ ಬೆಳೆ ಮಾದರಿಯೊಂದಕ್ಕೆ ಅವನ್ನು ಉಣಿಸಿ, ಇಂಥ ದಿನ ಬಿತ್ತಿದ್ದರೆ ಇಂಥ ವರ್ಷ ಎಷ್ಟು ಕಾಯಿ ಸಿಕ್ಕುತ್ತಿತ್ತು ಎಂಬುದನ್ನು ವರ್ಷ ವರ್ಷಕ್ಕೂ ಲೆಕ್ಕ ಹಾಕಲಾಯಿತು. ಈ ಸೀಮೆಯಲ್ಲಿ ಬಹುಕಾಲದಿಂದ ಬೆಳೆಯುತ್ತಿದ್ದ ತಳಿ ಟಿಎಂವಿ-2. ಅದು ತಮಿಳುನಾಡಿನ ತಿಂಡಿವನಂನಲ್ಲಿ 1940ರಲ್ಲಿ ಬಿಡುಗಡೆಯಾಗಿ ಸುಮಾರು ನಾಲ್ಕು ತಿಂಗಳೊಳಗೆ ಕೊಯ್ಲಿಗೆ ಬರುವ ಗೊಂಚಲು ಕಡಲೆ. ಅದಕ್ಕೂ ಹಿಂದಿದ್ದ ಹಬ್ಬು ಕಡಲೆ ಹೆಚ್ಚು ಕಾಲ ಹೊಲದಲ್ಲಿರುತ್ತಿದ್ದುದರಿಂದ ಮುಂಗಾರಿನ ಮೊದಲ ಹದಕ್ಕೇ ಬಿತ್ತುವುದು ಸರಿಯಿತ್ತು. ತಳಿ ಬದಲಾದ ಮೇಲೆ ಹಳೆಯ ವೇಳಾಪಟ್ಟಿ ಹೊಸ ಗಿಡಕ್ಕೆ ಹೊಂದಲಿಲ್ಲ. ಜೂನ್ ಕೊನೆಯಿಂದ ಆಗಸ್ಟ್ ಮಧ್ಯದವರೆಗಿನ ಅವಧಿಯಲ್ಲಿ, ರೈತರ ಲೆಕ್ಕದಲ್ಲಿ ಆರಿದ್ರೆಯಿಂದ ಆಶ್ಲೇಷದವರೆಗೆ, ಯಾವಾಗಲಾದರೂ ಬಿತ್ತಬಹುದಾದರೂ, ಜುಲೈ ಮಧ್ಯದ ನಂತರದ ಬಿತ್ತನೆಯಲ್ಲಿ ಕಾಯಿ ತುಂಬುವ ಹೊತ್ತಿಗೆ ಸೆಪ್ಟೆಂಬರ್-ಅಕ್ಟೋಬರಿನ ಮಳೆ ಸಿಕ್ಕಿ ಬೆಳೆ ಪೂರ್ತಿ ಕೈಕೊಡುವ ಸಂಭವ ಕಡಿಮೆಯೆಂದು ಈ ಅಧ್ಯಯನ ತೋರಿಸಿತು. ಈ ಕೆಲಸ ಮಾಡಿದವರು ಹೆಚ್ಚು ಇಳುವರಿಯ ದಿನವನ್ನಷ್ಟೇ ಹುಡುಕಲಿಲ್ಲ, ಸೋಲು ಕಡಿಮೆಯಿರುವ ದಿನವನ್ನು ಹುಡುಕಿದರು. ಬರಸೀಮೆಗೆ ವಿಜ್ಞಾನ ಹಾಕಿಕೊಳ್ಳಬೇಕಾದ ಪ್ರಶ್ನೆ ಇದೇ.

ಕಡಲೆಕಾಯಿ ಬರುವ ಮುನ್ನ ಈ ಸೀಮೆಯ ಹೊಲಗಳಲ್ಲಿ ಸೋಲನ್ನು ಹಂಚಿಕೊಳ್ಳುವ ಕೆಲಸವನ್ನು ಅಕ್ಕಡಿ ಸಾಲುಗಳು ಮಾಡುತ್ತಿದ್ದವು. ರಾಗಿಯನ್ನು ಕೂರಿಗೆಯಲ್ಲಿ ಬಿತ್ತುವಾಗ ಕೆಲವು ಸಾಲುಗಳಿಗೊಮ್ಮೆ ಸಡ್ಡೆಯಿಂದ, ಅಂದರೆ ಕೂರಿಗೆಯ ಹಿಂದೆ ಕಟ್ಟಿದ ಬಿದಿರಿನ ಕೊಳವೆಯಿಂದ, ಅವರೆ, ತೊಗರಿ, ಹುಚ್ಚೆಳ್ಳು, ಅಲಸಂದೆ, ಜೋಳ, ಹರಳು, ಸಾಸಿವೆಗಳ ಬೀಜವನ್ನು ಬಿಟ್ಟುಕೊಂಡು ಹೋಗುವುದೇ ಅಕ್ಕಡಿ. ಜುಲೈಯಲ್ಲಿ ಮಳೆ ಕೈಕೊಟ್ಟು ರಾಗಿ ಸೊರಗಿದರೂ ಆಳಕ್ಕೆ ಬೇರಿಳಿಸುವ ತೊಗರಿ ಹಿಂಗಾರಿನ ಒಂದು ಹದಕ್ಕೆ ಚೇತರಿಸಿಕೊಳ್ಳುತ್ತದೆ. ಅವರೆ ಚಳಿಗೆ ಹೂ ಬಿಡುತ್ತದೆ. ಹುಚ್ಚೆಳ್ಳಿನ ಹಳದಿ ಹೂವಿಗೆ ಜೇನು ಬರುತ್ತದೆ. ಕಾಳಿನ ಬೆಳೆಗಳು ಗಾಳಿಯ ಸಾರಜನಕವನ್ನು ಬೇರಿನ ಗಂಟುಗಳಲ್ಲಿ ಹಿಡಿದು ಮಣ್ಣಿಗೆ ಕೊಡುತ್ತವೆ. ಒಂದೇ ಹೊಲದಿಂದ ಮುದ್ದೆಗೆ ಹಿಟ್ಟು, ಸಾರಿಗೆ ಕಾಳು, ಒಗ್ಗರಣೆಗೆ ಸಾಸಿವೆ, ದೀಪಕ್ಕೆ ಹರಳೆಣ್ಣೆ, ದನಕ್ಕೆ ಹುಲ್ಲು ಬರುತ್ತಿದ್ದುದನ್ನು ಇಂದಿನ ಪೋಷಣಾ ತಜ್ಞರು ಆಹಾರ ವೈವಿಧ್ಯವೆಂದು ಅಳೆಯುತ್ತಾರೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಒಣಬೇಸಾಯ ವಿಭಾಗ ಈ ಪದ್ಧತಿಯನ್ನು ಪರೀಕ್ಷಿಸಿ ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿ, ಎಂಟು ಸಾಲು ಕಡಲೆಕಾಯಿಗೆ ಎರಡು ಸಾಲು ತೊಗರಿ ಎಂಬಂತಹ ಪ್ರಮಾಣಗಳನ್ನು ಶಿಫಾರಸು ಮಾಡಿದೆ. ಹಳೆಯ ಅಕ್ಕಡಿಯಲ್ಲಿದ್ದ ಏಳೆಂಟು ಬೆಳೆಗಳು ಶಿಫಾರಸಿನಲ್ಲಿ ಎರಡಕ್ಕೆ ಇಳಿದದ್ದು ಯಂತ್ರದ ಕೊಯ್ಲಿಗೆ ಅನುಕೂಲವೆಂಬುದು ನಿಜ. ಆದರೆ ಅಡುಗೆಮನೆಯ ದೃಷ್ಟಿಯಿಂದ ಅದು ನಷ್ಟವೇ.

ರಾಗಿಯ ಸಂಶೋಧನೆಯಲ್ಲಿ ಕರ್ನಾಟಕದ ಸಾಧನೆ ದೊಡ್ಡದು. ಮಂಡ್ಯದ ವಿ. ಸಿ. ಫಾರಂನಲ್ಲಿ ದುಡಿದು ರಾಗಿ ಲಕ್ಷ್ಮಣಯ್ಯ ಎಂದೇ ಹೆಸರಾದ ವಿಜ್ಞಾನಿ ಭಾರತದ ಮತ್ತು ಆಫ್ರಿಕದ ರಾಗಿಗಳನ್ನು ಕೂಡಿಸಿ ಇಂಡಾಫ್ ಸರಣಿಯ ತಳಿಗಳನ್ನು ರೂಪಿಸಿದರು. ಅವು 1970ರ ದಶಕದಿಂದ ಮುಂದೆ ರಾಜ್ಯದ ರಾಗಿ ಇಳುವರಿಯನ್ನು ಏರಿಸಿದವು. ಆ ಬಳಿಕ ಬಂದ ಜಿಪಿಯು-28 ತಳಿ ಬೆಂಕಿರೋಗವನ್ನು ತಡೆಯಿತು, ಎಂಎಲ್-365 ಮಳೆಯ ಕೊರತೆಯನ್ನು ತಾಳಿಕೊಂಡಿತು. ಈ ತಳಿಗಳ ನಿಜವಾದ ಉಪಯೋಗ ಇರುವುದು ಅವುಗಳ ಅವಧಿಯ ವ್ಯತ್ಯಾಸದಲ್ಲಿ: ಜುಲೈ ಆರಂಭದಲ್ಲೇ ಹದ ಸಿಕ್ಕಿದರೆ ನಾಲ್ಕು ತಿಂಗಳ ದೀರ್ಘಾವಧಿ ತಳಿ, ಮಳೆ ತಡವಾದರೆ ಮಧ್ಯಮಾವಧಿಯದು, ಆಗಸ್ಟ್‌ಗೆ ಸರಿದರೆ ನೂರು ದಿನದೊಳಗೆ ತೆನೆ ಕೊಡುವ ಇಂಡಾಫ್-9 ಅಥವಾ ಜಿಪಿಯು-48, ಅದೂ ದಾಟಿದರೆ ಹುರುಳಿ. ಹೀಗೆ ಮಳೆಯ ನಡೆಗೆ ತಕ್ಕಂತೆ ಬೀಜವನ್ನು ಬದಲಿಸುವುದಕ್ಕೆ ಪರ್ಯಾಯ ಬೆಳೆ ಯೋಜನೆಯೆನ್ನುತ್ತಾರೆ. ಕಾಗದದ ಮೇಲೆ ಇದು ಸುಲಭ. ಆದರೆ ಆಗಸ್ಟ್ ಎರಡನೆಯ ವಾರ ಬೇಕಾಗುವ ಅಲ್ಪಾವಧಿ ಬೀಜ ಆ ವಾರವೇ ಹೋಬಳಿ ಮಟ್ಟದ ರೈತ ಸಂಪರ್ಕ ಕೇಂದ್ರದಲ್ಲಿ ಇರದಿದ್ದರೆ ವಿಜ್ಞಾನವೆಲ್ಲ ವ್ಯರ್ಥ.

ಬೀಜಕ್ಕಿಂತ ನಿಧಾನವಾಗಿ, ಆದರೆ ಅದಕ್ಕಿಂತ ಆಳವಾಗಿ ಕೆಲಸ ಮಾಡುವುದು ಮಣ್ಣು. ಇಂಗ್ಲೆಂಡಿನ ರಾಥಮ್‌ಸ್ಟೆಡ್‌ನಲ್ಲಿ 1843ರಲ್ಲಿ ಆರಂಭವಾದ ಗೋಧಿಯ ಪ್ರಯೋಗ ಇಂದಿಗೂ ನಡೆಯುತ್ತಿದ್ದು, ಒಂದೇ ತುಂಡು ನೆಲಕ್ಕೆ ವರ್ಷವರ್ಷವೂ ಒಂದೇ ಬಗೆಯ ಉಪಚಾರ ಕೊಟ್ಟು ದಶಕಗಳವರೆಗೆ ಕಾದು ನೋಡುವ ದೀರ್ಘಾವಧಿ ಪ್ರಯೋಗಗಳಿಗೆ ಅದೇ ಮೂಲಮಾದರಿ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ, ಈ ನಾಲ್ಕು ತಾಲ್ಲೂಕುಗಳಲ್ಲಿರುವಂತಹದೇ ಕೆಂಪು ಮಣ್ಣಿನಲ್ಲಿ, ಮಳೆಯಾಶ್ರಿತ ರಾಗಿಯ ಮೇಲೆ 1978ರಿಂದ ಇಂತಹ ಪ್ರಯೋಗ ನಡೆದು ಬಂದಿದೆ. ಏನನ್ನೂ ಹಾಕದ ತಾಕು, ರಾಸಾಯನಿಕ ಗೊಬ್ಬರ ಮಾತ್ರ ಹಾಕಿದ ತಾಕು, ಕೊಟ್ಟಿಗೆ ಗೊಬ್ಬರ ಮಾತ್ರ ಹಾಕಿದ ತಾಕು, ಎರಡನ್ನೂ ಕೂಡಿಸಿದ ತಾಕು ಎಂದು ಬೇರೆ ಬೇರೆಯಾಗಿ ಬೆಳೆದು ನೋಡಿದಾಗ ರಾಸಾಯನಿಕ ಗೊಬ್ಬರವನ್ನಷ್ಟೇ ಉಂಡ ನೆಲದ ಇಳುವರಿ ವರ್ಷಗಳು ಕಳೆದಂತೆ ಇಳಿಯುತ್ತ ಹೋಯಿತು, ಮಣ್ಣು ಹುಳಿಯಾಗುತ್ತ ಬಂತು. ಹೆಕ್ಟೇರಿಗೆ ಹತ್ತು ಟನ್ ಕೊಟ್ಟಿಗೆ ಗೊಬ್ಬರವನ್ನು ಶಿಫಾರಸಿನ ರಾಸಾಯನಿಕ ಗೊಬ್ಬರದೊಂದಿಗೆ ಉಂಡ ನೆಲ ಹೆಚ್ಚಿನ ಇಳುವರಿಯನ್ನೂ ಕೊಟ್ಟಿತು, ಅದನ್ನು ಉಳಿಸಿಕೊಂಡಿತು ಕೂಡ. ಮಣ್ಣಿನಲ್ಲಿ ಸಾವಯವ ಇಂಗಾಲ ಹೆಚ್ಚಿದಷ್ಟೂ ಅದು ತೇವವನ್ನು ಹೆಚ್ಚು ದಿನ ಹಿಡಿದಿಡುತ್ತದೆ, ಎರಡು ಮಳೆಗಳ ನಡುವಿನ ಬಿಡುವನ್ನು ಗಿಡ ತಾಳಿಕೊಳ್ಳುತ್ತದೆ. ರಾಜ್ಯ ಸರ್ಕಾರವು ಹೈದರಾಬಾದಿನ ಇಕ್ರಿಸ್ಯಾಟ್ ಸಂಸ್ಥೆಯ ನೆರವಿನಿಂದ 2009ರಲ್ಲಿ ಆರಂಭಿಸಿದ ಭೂಚೇತನ ಕಾರ್ಯಕ್ರಮ ಒಣಭೂಮಿಗಳ ಮಣ್ಣನ್ನು ದೊಡ್ಡ ಪ್ರಮಾಣದಲ್ಲಿ ಪರೀಕ್ಷಿಸಿ, ಗಂಧಕ, ಸತು, ಬೋರಾನ್‌ಗಳಂತಹ ಅಲ್ಪ ಪ್ರಮಾಣದ ಪೋಷಕಾಂಶಗಳ ಕೊರತೆಯೂ ಇಳುವರಿಯನ್ನು ಕಟ್ಟಿಹಾಕಿದೆಯೆಂದು ತೋರಿಸಿತು.

ಹೆಕ್ಟೇರಿಗೆ ಹತ್ತು ಟನ್ ಗೊಬ್ಬರವೆಂದರೆ ಎಕರೆಗೆ ನಾಲ್ಕು ಟನ್. ಟ್ರ್ಯಾಕ್ಟರ್ ಬಂದು ಉಳುವ ಎತ್ತು ಮನೆಯಿಂದ ಹೊರಟ ಮೇಲೆ ತಿಪ್ಪೆಗಳೇ ಚಿಕ್ಕವಾಗಿರುವಾಗ ಇಷ್ಟು ಗೊಬ್ಬರ ಎಲ್ಲಿಂದ ಬರಬೇಕೆಂಬುದು ನ್ಯಾಯವಾದ ಪ್ರಶ್ನೆ. ಈ ಸೀಮೆಯಲ್ಲಿ ಅದಕ್ಕೆ ಒಂದು ಉತ್ತರ ಹಿಂದಿನಿಂದಲೂ ಇದೆ. ರಾಜ್ಯದಲ್ಲಿ ಕುರಿಗಳ ಸಂಖ್ಯೆ ಹೆಚ್ಚಿರುವ ಜಿಲ್ಲೆಗಳಲ್ಲಿ ತುಮಕೂರೂ ಒಂದು, ಅದರಲ್ಲೂ ಶಿರಾ ಮತ್ತು ಪಾವಗಡದ ಕುರುಬರು, ಕಾಡುಗೊಲ್ಲರು ಮತ್ತಿತರ ಕುರಿಗಾಹಿಗಳು ದೊಡ್ಡ ಹಿಂಡುಗಳನ್ನು ಸಾಕುತ್ತಾರೆ. ಕೊಯ್ಲಾದ ಹೊಲಗಳಲ್ಲಿ ಬೇಸಿಗೆಯ ರಾತ್ರಿಗಳಂದು ಹಿಂಡನ್ನು ತಂಗಿಸಿ ಹಿಕ್ಕೆ ಮತ್ತು ಗಂಜಲವನ್ನು ನೇರವಾಗಿ ಮಣ್ಣಿಗೆ ಸೇರಿಸುವುದಕ್ಕೆ ಮಂದೆ ಹಾಕಿಸುವುದು ಎನ್ನುತ್ತಾರೆ. ಹೊಲದೊಡೆಯ ಕುರಿಗಾಹಿಗೆ ಕಾಳು ಅಥವಾ ಹಣ ಕೊಡುತ್ತಾನೆ, ಕುರಿಗೆ ಕೂಳೆಯ ಮೇವು ಸಿಕ್ಕುತ್ತದೆ. ಸಾಗಣೆಯ ಖರ್ಚಿಲ್ಲದ, ಇಬ್ಬರಿಗೂ ಲಾಭ ತರುವ ಈ ಪದ್ಧತಿ ಗೋಮಾಳಗಳು ಕರಗಿದಂತೆ, ತೋಟಗಳಿಗೆ ತಂತಿಬೇಲಿ ಬಂದಂತೆ ಇಕ್ಕಟ್ಟಿಗೆ ಸಿಲುಕಿದೆ. ಸಾವಯವ ಕೃಷಿಯ ಸರ್ಕಾರಿ ಯೋಜನೆಗಳಲ್ಲಿ ಎರೆಹುಳು ತೊಟ್ಟಿಗಳಿಗೆ ಸಿಗುವ ಗಮನದ ಅರ್ಧವಾದರೂ ಮಂದೆಯ ದಾರಿಗಳಿಗೂ ಮೇವಿನ ನೆಲಕ್ಕೂ ಸಿಗಬೇಕು.

ಈ ಸೀಮೆಯ ಬೆಳೆಗಳಲ್ಲಿ ಅತ್ಯಂತ ಹಳೆಯವುಗಳಲ್ಲೊಂದೂ ಬಹುಕಾಲ ಸಂಶೋಧನೆಯ ಗಮನಕ್ಕೆ ಬಾರದೆ ಉಳಿದದ್ದೂ ಕೊರಲೆ. ತುಮಕೂರು, ಚಿತ್ರದುರ್ಗ ಮತ್ತು ಆಂಧ್ರದ ಗಡಿ ಭಾಗಗಳನ್ನು ಬಿಟ್ಟರೆ ದೇಶದಲ್ಲಿ ಈ ಕಿರುಧಾನ್ಯ ಬೆಳೆಯುವ ಪ್ರದೇಶ ಬಹಳವಿಲ್ಲ. ಮಧುಗಿರಿ, ಶಿರಾ, ಪಾವಗಡ, ಕೊರಟಗೆರೆಯ ರೈತರೇ ಅದನ್ನು ತಲೆಮಾರುಗಳಿಂದ ಉಳಿಸಿಕೊಂಡು ಬಂದವರಲ್ಲಿ ಮುಖ್ಯರು. ಹುಣಸೆಮರದ ನೆರಳಿನಲ್ಲಿ ಬೇರೆ ಬೆಳೆಗಳು ಏಳದ ಕಡೆಯಲ್ಲೂ ಕೊರಲೆ ಬೆಳೆಯುತ್ತದೆ, ಮೂರು ತಿಂಗಳೊಳಗೆ ಕೊಯ್ಲಿಗೆ ಬರುತ್ತದೆ, ತಡವಾಗಿ ಬಿತ್ತಿದರೂ ಒಂದಿಷ್ಟು ಕಾಳನ್ನೂ ಒಳ್ಳೆಯ ಹುಲ್ಲನ್ನೂ ಕೊಡುತ್ತದೆ. ಬಳ್ಳಾರಿ ಬಳಿಯ ಸಂಗನಕಲ್ಲು, ತುಂಗಭದ್ರೆಯ ದಡದ ಹಳ್ಳೂರು ಮುಂತಾದ ನವಶಿಲಾಯುಗದ ನೆಲೆಗಳ ಮಣ್ಣಿನಲ್ಲಿ ಸಿಕ್ಕ ಸುಟ್ಟ ಕಾಳುಗಳನ್ನು ಸೂಕ್ಷ್ಮದರ್ಶಕದಲ್ಲಿ ಗುರುತಿಸಿದ ಲಂಡನ್ ವಿಶ್ವವಿದ್ಯಾಲಯ ಕಾಲೇಜಿನ ಪುರಾತತ್ವ ಸಸ್ಯತಜ್ಞ ಡೋರಿಯನ್ ಫುಲ್ಲರ್ ಮತ್ತು ಅವರ ಸಂಗಡಿಗರು, ನಾಲ್ಕು ಸಾವಿರ ವರ್ಷಗಳ ಹಿಂದೆ ದಕ್ಷಿಣದ ಮೊದಲ ಬೇಸಾಯಗಾರರು ಕೊರಲೆಯನ್ನು ಹುರುಳಿ ಮತ್ತು ಹೆಸರಿನ ಜೊತೆಗೆ ಮುಖ್ಯ ಆಹಾರವಾಗಿ ಬೆಳೆಯುತ್ತಿದ್ದರೆಂದು ನಿರೂಪಿಸಿದ್ದಾರೆ. ಆಫ್ರಿಕದಿಂದ ಬಂದ ರಾಗಿಯು ಇಲ್ಲಿ ನೆಲೆಯೂರುವ ಮೊದಲೇ ಕೊರಲೆ ಈ ನೆಲದ ಅನ್ನವಾಗಿತ್ತು. ಇಷ್ಟು ದೀರ್ಘ ಚರಿತ್ರೆಯ ಬೆಳೆಗೆ ಸುಧಾರಿತ ತಳಿಗಳು ಬೆಂಗಳೂರು ಕೃಷಿ ವಿಶ್ವವಿದ್ಯಾಲಯದಿಂದಲೂ, ಮಧ್ಯ ಒಣ ವಲಯದ ಸಂಶೋಧನಾ ಕೇಂದ್ರವಾದ ಹಿರಿಯೂರಿನ ಬಬ್ಬೂರು ಫಾರಂನಿಂದಲೂ ಬರತೊಡಗಿದ್ದು ತೀರ ಈಚೆಗೆ.

ಬೆಳೆಯ ಮಾತು ಎಷ್ಟೇ ಮುಂದೆ ಹೋದರೂ ಈ ನಾಲ್ಕು ತಾಲ್ಲೂಕುಗಳಲ್ಲಿ ಅದು ಕೊನೆಗೆ ನೀರಿನ ಬಳಿ ಬಂದು ನಿಲ್ಲುತ್ತದೆ. ಇಲ್ಲಿನ ಜನ ತಲಪರಿಗೆಯೆಂದು ಕರೆಯುವ ನೀರಿನ ನೆಲೆಗಳು ನಾಡಿನ ಬೇರೆ ಭಾಗದವರಿಗೆ ಹೆಚ್ಚು ಪರಿಚಿತವಲ್ಲ. ಬೆಟ್ಟಗಳ ತಪ್ಪಲಿನಲ್ಲಿ, ಹಳ್ಳಗಳ ಮಗ್ಗುಲಲ್ಲಿ, ಕೆರೆಗಳ ಕೆಳಗೆ, ಅಂತರ್ಜಲದ ಮಟ್ಟ ನೆಲದ ಮೇಲ್ಮೈಯನ್ನು ಮುಟ್ಟುವ ತಗ್ಗುಗಳಲ್ಲಿ ಊಟೆಗಳು ತಾವಾಗಿಯೇ ಉಕ್ಕುತ್ತವೆ. ಹಿರಿಯರು ಅಂತಹ ಜಾಗವನ್ನು ಅಗೆದು, ಸುತ್ತ ಕಲ್ಲು ಕಟ್ಟಿ, ನೀರು ಯಾವ ಯಂತ್ರದ ನೆರವೂ ಇಲ್ಲದೆ ಕಾಲುವೆಯಲ್ಲಿ ಹರಿದು ಚಿಕ್ಕ ಕಟ್ಟೆಗೆ, ಅಲ್ಲಿಂದ ಗದ್ದೆಗಳಿಗೆ ಸಾಗುವಂತೆ ಮಾಡಿದ್ದರು. ಮಧುಗಿರಿ ತಾಲ್ಲೂಕಿನವರೇ ಆದ ಲೇಖಕ ಮಲ್ಲಿಕಾರ್ಜುನ ಹೊಸಪಾಳ್ಯ ಅವರು ಈ ನಾಲ್ಕೂ ತಾಲ್ಲೂಕುಗಳನ್ನು ಸುತ್ತಿ ತಲಪರಿಗೆಗಳನ್ನು ಒಂದೊಂದಾಗಿ ದಾಖಲಿಸಿದ ಕೆಲಸದಿಂದಾಗಿ ಇವುಗಳ ವಿವರಗಳು ಗ್ರಂಥರೂಪದಲ್ಲಿ ಉಳಿದಿವೆ. ಆ ದಾಖಲೆ ಇಲ್ಲದಿದ್ದರೆ ಮುಚ್ಚಿಹೋದ ತಲಪರಿಗೆಗಳ ಗುರುತೂ ಹಳಬರ ಜೊತೆಗೇ ಅಳಿಯುತ್ತಿತ್ತು.

ತಲಪರಿಗೆಯಲ್ಲಿ ಗಮನಿಸಬೇಕಾದದ್ದು ಅದರ ಕಲ್ಲುಕಟ್ಟಡಕ್ಕಿಂತ ಅದರ ಸುತ್ತ ಬೆಳೆದ ಕಟ್ಟುಪಾಡು. ಅಚ್ಚುಕಟ್ಟಿನ ರೈತರೆಲ್ಲ ವರ್ಷಕ್ಕೊಮ್ಮೆ ಕೂಡಿ ಹೂಳೆತ್ತುತ್ತಿದ್ದರು, ನೀರನ್ನು ಸರದಿಯಂತೆ ಹಂಚಿಕೊಳ್ಳುತ್ತಿದ್ದರು, ಒರತೆ ಕಡಿಮೆಯಾದ ವರ್ಷ ಭತ್ತವನ್ನು ಬಿಟ್ಟು ಕಡಿಮೆ ನೀರು ಬೇಡುವ ಬೆಳೆಗೆ ಇಳಿಯುತ್ತಿದ್ದರು. ಊಟೆಯಲ್ಲಿ ಎಷ್ಟು ನೀರಿದೆಯೆಂಬುದು ಎಲ್ಲರ ಕಣ್ಣಿಗೂ ಕಾಣುತ್ತಿದ್ದುದರಿಂದ ಎಷ್ಟು ಬಳಸಬಹುದೆಂಬ ಲೆಕ್ಕವೂ ಎಲ್ಲರಿಗೂ ತಿಳಿದಿರುತ್ತಿತ್ತು. ಕೊಳವೆಬಾವಿ ಈ ಎರಡನ್ನೂ ಒಡೆಯಿತು: ನೀರು ಕಣ್ಣಿಗೆ ಕಾಣದಾಯಿತು, ಎಲ್ಲರ ನೀರು ಒಬ್ಬರ ಜಮೀನಿನದಾಯಿತು. ಕಡುಶಿಲೆಯ ಈ ಪ್ರದೇಶದಲ್ಲಿ ಅಂತರ್ಜಲ ಮುಖ್ಯವಾಗಿ ನಿಲ್ಲುವುದು ಮೇಲಿನ ಶಿಥಿಲಗೊಂಡ ಕಲ್ಲಿನ ಪದರದಲ್ಲಿ. ಅದರ ಕೆಳಗೆ ಬಂಡೆಯ ಬಿರುಕುಗಳಲ್ಲಿ ಮಾತ್ರ ಒಂದಿಷ್ಟು ನೀರು ಇರುತ್ತದೆ. ಮೇಲಿನ ಪದರ ಬರಿದಾದ ಕೂಡಲೇ ಊಟೆಗಳು ನಿಂತವು, ಕಪಿಲೆ ಬಾವಿಗಳು ಒಣಗಿದವು, ಕೊಳವೆಗಳು ಆಳಕ್ಕೆ ಇಳಿಯುತ್ತ ಸಾವಿರ ಅಡಿಯನ್ನು ದಾಟಿದವು. ಆಳದ ಬಂಡೆಯಲ್ಲಿ ಬಹುಕಾಲ ನಿಂತ ನೀರ ಜೊತೆಗೆ ಫ್ಲೋರೈಡ್ ಕೂಡ ಮೇಲೆ ಬಂತು, ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ಮೀರಿದ ಫ್ಲೋರೈಡ್ ಹಲ್ಲನ್ನೂ ಮೂಳೆಯನ್ನೂ ಕೆಡಿಸುವ ಕಾಯಿಲೆಯನ್ನು ತರುತ್ತದೆ, ಪಾವಗಡ ತಾಲ್ಲೂಕು ಈ ಸಂಕಟವನ್ನು ದಶಕಗಳಿಂದ ಅನುಭವಿಸಿದೆ.

ನೀರಿನ ಆಯವ್ಯಯವನ್ನು ಸರಳವಾಗಿ ಹೀಗೆ ತಿಳಿಯಬಹುದು. ಇಂತಹ ಶಿಲಾಪ್ರದೇಶದಲ್ಲಿ ಬಿದ್ದ ಮಳೆಯ ಹತ್ತನೆಯ ಒಂದು ಭಾಗದ ಆಸುಪಾಸು ಮಾತ್ರ ಅಂತರ್ಜಲಕ್ಕೆ ಇಂಗುತ್ತದೆಯೆಂದು ಹಿಡಿದರೆ, 600 ಮಿಲಿಮೀಟರ್ ಮಳೆಯಲ್ಲಿ ಕೆಳಗಿಳಿಯುವುದು 60 ಮಿಲಿಮೀಟರ್. ಒಂದು ಎಕರೆ ತೋಟಕ್ಕೆ ವರ್ಷದಲ್ಲಿ ಕೊಳವೆಬಾವಿಯಿಂದ 600 ಮಿಲಿಮೀಟರಿನಷ್ಟು ನೀರು ಹಾಯಿಸಿದರೆ ಅದು ಹತ್ತು ಎಕರೆಯಲ್ಲಿ ಇಂಗಿದ ನೀರನ್ನು ಕುಡಿದಂತೆ. ಹೀಗಿರುವಾಗ ಮಲೆನಾಡಿನ ಮಳೆಗೆ ಹೊಂದಿದ ಅಡಿಕೆಯನ್ನು ಕೊಳವೆಬಾವಿ ನಂಬಿ ಶಿರಾ, ಮಧುಗಿರಿ, ಕೊರಟಗೆರೆಯ ಬೆದ್ದಲಿಗೆ ವಿಸ್ತರಿಸುವುದು ಎಷ್ಟು ಕಾಲ ನಡೆದೀತೆಂಬುದನ್ನು ಯಾರೂ ಲೆಕ್ಕ ಹಾಕಬಹುದು. 2008ರಿಂದ ಹತ್ತು ಅಶ್ವಶಕ್ತಿಯವರೆಗಿನ ಪಂಪುಸೆಟ್ಟುಗಳಿಗೆ ವಿದ್ಯುತ್ ಉಚಿತವಾದುದರಿಂದ ಎತ್ತುವ ನೀರಿಗೆ ಬೆಲೆಯೇ ಇಲ್ಲದಾಯಿತು. ಅಂತರ್ಜಲವನ್ನು ನಿಯಂತ್ರಿಸುವ ಕಾನೂನು 2011ರಲ್ಲಿ ಬಂದಿದ್ದರೂ ಈ ತಾಲ್ಲೂಕುಗಳು ಕೇಂದ್ರ ಅಂತರ್ಜಲ ಮಂಡಳಿಯ ವರ್ಗೀಕರಣದಲ್ಲಿ ಮಿತಿಮೀರಿ ಬಳಸಿದ ಪ್ರದೇಶಗಳ ಸಾಲಿನಲ್ಲೇ ಕಾಣಿಸಿಕೊಳ್ಳುತ್ತ ಬಂದಿವೆ. ಹೇಮಾವತಿ, ಎತ್ತಿನಹೊಳೆ, ಭದ್ರಾ ಮೇಲ್ದಂಡೆ ಯೋಜನೆಗಳ ನೀರು ಇಲ್ಲಿನ ಕೆರೆಗಳಿಗೆ ಬರಬೇಕೆಂಬ ಬೇಡಿಕೆ ನ್ಯಾಯವಾದದ್ದೇ. ಆದರೆ ಬಂದ ನೀರನ್ನು ಹಂಚುವ ತಲಪರಿಗೆಯ ಕಾಲದ ಶಿಸ್ತು ಮರಳದಿದ್ದರೆ ಅದೂ ಮೊದಲ ಪಂಪಿನವರ ಪಾಲಾಗುತ್ತದೆ.

ಸಂಶೋಧನೆ ಊರಿನ ಒಳಗೆ ಬಂದು ಕೆಲಸ ಮಾಡಿದ ಒಂದು ಉದಾಹರಣೆ ಕೊರಟಗೆರೆ ತಾಲ್ಲೂಕಿನಲ್ಲೇ ಇದೆ. ಹವಾಮಾನದ ಏರಿಳಿತವನ್ನು ತಾಳಬಲ್ಲ ಕೃಷಿಯನ್ನು ರೂಪಿಸಲು ಭಾರತೀಯ ಕೃಷಿ ಅನುಸಂಧಾನ ಪರಿಷತ್ತು 2011ರಲ್ಲಿ ನಿಕ್ರಾ ಎಂಬ ರಾಷ್ಟ್ರೀಯ ಯೋಜನೆಯನ್ನು ಆರಂಭಿಸಿ, ದೇಶದ 100 ಸಂಕಷ್ಟಪೀಡಿತ ಜಿಲ್ಲೆಗಳಲ್ಲಿ ಒಂದೊಂದು ಕಡೆ ಪ್ರಾತ್ಯಕ್ಷಿಕೆಗಳನ್ನು ಕೈಗೊಂಡಾಗ ತುಮಕೂರು ಜಿಲ್ಲೆಗೆ ಡಿ. ನಾಗೇನಹಳ್ಳಿಯನ್ನು ಆಯ್ದುಕೊಳ್ಳಲಾಯಿತು, ಹಿರೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರ ಅದರ ಹೊಣೆ ಹೊತ್ತಿತು. ಅಲ್ಲಿ ಹೊಲದ ಅಂಚಿಗೆ ಕಾಲುವೆ ತೋಡಿ ಅದೇ ಮಣ್ಣಿನಿಂದ ಬದು ಹಾಕಲಾಯಿತು, ಕೃಷಿ ಹೊಂಡಗಳನ್ನು ತೆಗೆಯಲಾಯಿತು, ಎಂಎಲ್-365 ರಾಗಿಯನ್ನೂ ತೊಗರಿಯ ಅಂತರಬೆಳೆಯನ್ನೂ ಪರಿಚಯಿಸಲಾಯಿತು, ಉಪಕರಣಗಳನ್ನು ಬಾಡಿಗೆಗೆ ಕೊಡುವ ಕೇಂದ್ರವೂ ನಿರ್ವಹಣೆಗೆ ಗ್ರಾಮಸ್ಥರದೇ ಸಮಿತಿಯೂ ರೂಪುಗೊಂಡವು. ಇವುಗಳಲ್ಲಿ ಯಾವುದೂ ಬೆರಗು ಹುಟ್ಟಿಸುವ ಆವಿಷ್ಕಾರವಲ್ಲ. ಬಿದ್ದ ಮಳೆಯನ್ನು ಬಿದ್ದಲ್ಲೇ ನಿಲ್ಲಿಸುವುದು, ಅದಕ್ಕೆ ತಕ್ಕ ಬೀಜವನ್ನು ಕೊಡುವುದು, ನಿರ್ಧಾರವನ್ನು ಊರಿಗೇ ಬಿಡುವುದು ಎಂಬ ಮೂರು ಕೆಲಸಗಳು ಒಂದೇ ಊರಿನಲ್ಲಿ ಒಟ್ಟಿಗೆ ನಡೆದದ್ದೇ ಅದರ ಹೆಚ್ಚುಗಾರಿಕೆ. ಗಡಿಯಾಚೆಯ ಆಂಧ್ರಪ್ರದೇಶದಲ್ಲಿ 2016ರಿಂದ ನಡೆಯುತ್ತಿರುವ ನೈಸರ್ಗಿಕ ಕೃಷಿ ಕಾರ್ಯಕ್ರಮವು ಮುಂಗಾರಿಗೆ ಮುನ್ನವೇ ಹಲವು ಬಗೆಯ ಬೀಜಗಳನ್ನು ಒಣನೆಲದಲ್ಲಿ ಬಿತ್ತಿ, ಮೇಲೆ ಸೊಪ್ಪುಸದೆ ಹೊದಿಸಿ, ನೆಲವನ್ನು ವರ್ಷದ ಹೆಚ್ಚು ಕಾಲ ಹಸಿರಾಗಿಡುವ ಪದ್ಧತಿಯನ್ನು ಅನಂತಪುರದಂತಹ ಕಡೆಗಳಲ್ಲಿ ಪರೀಕ್ಷಿಸುತ್ತಿರುವುದರಿಂದ ಪಾವಗಡದ ರೈತರು ಕಲಿಯಬಹುದಾದುದು ಬಹಳವಿದೆ. ಮಣ್ಣೂ ಮಳೆಯೂ ಎರಡೂ ಕಡೆ ಒಂದೇ.

ಬೇಸಾಯದಿಂದ ಹೊರನಡೆಯುವುದೂ ಒಂದು ಭವಿಷ್ಯವೇ ಎಂಬುದನ್ನು ಪಾವಗಡದ ಸೌರ ಉದ್ಯಾನ ತೋರಿಸಿದೆ. ನಾಗಲಮಡಿಕೆ ಹೋಬಳಿಯ ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಗ್ರಾಮಗಳ ಸುಮಾರು 13,000 ಎಕರೆ ಜಮೀನನ್ನು ರೈತರಿಂದ ಕೊಳ್ಳದೆ ಗುತ್ತಿಗೆಗೆ ಪಡೆದು, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಆರಂಭವಾಗಿ ಕಾಲಕಾಲಕ್ಕೆ ಏರುವ ಬಾಡಿಗೆಯನ್ನು ಗೊತ್ತುಮಾಡಿ, 2018ರಲ್ಲಿ ಉದ್ಘಾಟನೆಗೊಂಡ ಈ ಉದ್ಯಾನ 2019ರ ಕೊನೆಗೆ 2,050 ಮೆಗಾವ್ಯಾಟ್ ಸಾಮರ್ಥ್ಯವನ್ನು ಮುಟ್ಟಿತು. ಕಡಲೆಕಾಯಿ ಬಿತ್ತಿ ಸಾಲ ಹೊತ್ತವರಿಗೆ ತಪ್ಪದೆ ಬರುವ ಬಾಡಿಗೆ ದೊಡ್ಡ ನೆಮ್ಮದಿಯೆಂಬುದರಲ್ಲಿ ಅನುಮಾನವಿಲ್ಲ. ಭೂಮಿಯ ಒಡೆತನ ಅವರಲ್ಲೇ ಉಳಿದದ್ದು ಇತರ ಸ್ವಾಧೀನಗಳಿಗೆ ಹೋಲಿಸಿದರೆ ಎಷ್ಟೋ ಮೇಲು. ಆದರೆ ಬಾಡಿಗೆ ಬರುವುದು ಪಹಣಿಯಲ್ಲಿ ಹೆಸರಿದ್ದವರಿಗೆ. ಕಳೆ ಕೀಳಲು, ಕಾಯಿ ಬಿಡಿಸಲು ಹೋಗುತ್ತಿದ್ದ ಭೂಮಿಯಿಲ್ಲದ ಹೆಂಗಸರಿಗೆ ಆ ಕೂಲಿ ಹೋಯಿತು, ಕುರಿಗಾಹಿಗಳಿಗೆ ಮೇಯಿಸುವ ಬಯಲು ಹೋಯಿತು. ಫಲಕಗಳನ್ನು ಎತ್ತರದಲ್ಲಿ ನಿಲ್ಲಿಸಿ ಅವುಗಳ ನಡುವೆಯೂ ನೆರಳಿನಲ್ಲೂ ಬೆಳೆ ತೆಗೆಯುವ ಪದ್ಧತಿಯ ಬಗ್ಗೆ ಜೋಧಪುರದ ಕೇಂದ್ರೀಯ ಒಣಪ್ರದೇಶ ಸಂಶೋಧನಾ ಸಂಸ್ಥೆ ಈಗಾಗಲೇ ಪ್ರಯೋಗಗಳನ್ನು ನಡೆಸಿದೆ. ನೆರಳನ್ನು ಸಹಿಸುವ ಕೊರಲೆಯಂತಹ ಬೆಳೆ ಇರುವ ಸೀಮೆಯಲ್ಲಿ, ಕುರಿಗಳು ಹುಲ್ಲು ಮೇಯ್ದು ಕಳೆಯ ಕೆಲಸವನ್ನು ತಗ್ಗಿಸಬಲ್ಲ ಸೀಮೆಯಲ್ಲಿ, ಮುಂದಿನ ಸೌರ ಗುತ್ತಿಗೆಗಳು ಕೂಲಿಯವರನ್ನೂ ಕುರಿಯವರನ್ನೂ ಕರಾರಿನೊಳಗೆ ಸೇರಿಸಿಕೊಂಡೇ ಬರಬೇಕು.

ಹೊಲದಲ್ಲಿ ಏನು ಬೆಳೆಯುತ್ತದೆಂಬುದನ್ನು ಕೊನೆಗೆ ತಟ್ಟೆಯೂ ಸಂತೆಯೂ ನಿರ್ಧರಿಸುತ್ತವೆ. ನೂರು ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಹೆಚ್ಚು ಸುಣ್ಣದ ಅಂಶವಿದ್ದು, ಅಕ್ಕಿ ಅದರ ಹತ್ತಿರಕ್ಕೂ ಬರುವುದಿಲ್ಲ. 2024ರಿಂದ ಸರ್ಕಾರಿ ಶಾಲೆಗಳ ಮಕ್ಕಳಿಗೆ ಹಾಲಿನೊಡನೆ ರಾಗಿ ಮಾಲ್ಟ್ ಕೊಡಲಾಗುತ್ತಿದೆ, ಪಡಿತರದಲ್ಲೂ ರಾಗಿಗೆ ಜಾಗ ಸಿಕ್ಕಿದೆ, 2025-26ರ ಹಂಗಾಮಿಗೆ ರಾಗಿಯ ಬೆಂಬಲ ಬೆಲೆ ಕ್ವಿಂಟಲಿಗೆ 4,886 ರೂಪಾಯಿಗೆ ಏರಿತು. ಬೆಲೆಯ ಭರವಸೆ ಇದ್ದಲ್ಲಿ ರೈತರು ಬೆದ್ದಲಿನ ಬೆಳೆಯನ್ನು ಬಿಡುವುದಿಲ್ಲ ಎಂಬುದಕ್ಕೆ ರಾಗಿ ಖರೀದಿ ಕೇಂದ್ರಗಳ ಮುಂದೆ ನಿಲ್ಲುವ ಸಾಲುಗಳೇ ಸಾಕ್ಷಿ. ಆದರೆ ಕೇಂದ್ರ ಸರ್ಕಾರದ ಬೆಂಬಲ ಬೆಲೆಯ ಪಟ್ಟಿಯಲ್ಲಿ ಜೋಳ, ಸಜ್ಜೆ, ಮೆಕ್ಕೆಜೋಳ, ರಾಗಿಗಳಿವೆ; ಕೊರಲೆ, ನವಣೆ, ಸಾಮೆಗಳಿಲ್ಲ, ಹುರುಳಿಯೂ ಅವರೆಯೂ ಇಲ್ಲ. ರಾಜ್ಯ ಸರ್ಕಾರ 2019ರಲ್ಲಿ ತಂದ ರೈತಸಿರಿ ಯೋಜನೆ ಸಿರಿಧಾನ್ಯ ಬಿತ್ತಿದವರಿಗೆ ಹೆಕ್ಟೇರಿಗೆ 10,000 ರೂಪಾಯಿ ಕೊಟ್ಟಿತು, ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಆಚರಿಸಿತು. ಆದರೂ ಗಟ್ಟಿ ಸಿಪ್ಪೆಯ ಕೊರಲೆಯನ್ನು ಊರಲ್ಲೇ ಸುಲಿದು ಅಕ್ಕಿ ಮಾಡುವ ಯಂತ್ರ ಹೋಬಳಿಗೊಂದರಂತೆ ಇಲ್ಲದಿರುವಾಗ ಬೆಳೆದವರು ಕಾಳನ್ನು ಕಡಿಮೆ ಬೆಲೆಗೆ ವರ್ತಕರಿಗೆ ಕೊಟ್ಟು, ನಗರದ ಅಂಗಡಿಯಲ್ಲಿ ಅದೇ ಕಾಳು ಹಲವು ಪಟ್ಟು ಬೆಲೆಗೆ ಮಾರಾಟವಾಗುವುದನ್ನು ನೋಡಬೇಕಾಗಿದೆ. ಮಧುಗಿರಿ ಅಥವಾ ಶಿರಾದ ರೈತ ಮಹಿಳೆಯರ ಸಂಘವೊಂದರ ಕೈಗೆ ಅಂತಹ ಯಂತ್ರವೂ, ತಾಲ್ಲೂಕಿನ ಶಾಲೆ ಮತ್ತು ಅಂಗನವಾಡಿಗಳಿಗೆ ಕೊರಲೆ, ಅವರೆ, ಹುರುಳಿಯನ್ನು ಒದಗಿಸುವ ಗುತ್ತಿಗೆಯೂ ಸಿಕ್ಕರೆ, ಆಗಸ್ಟ್‌ನಲ್ಲಿ ಮಳೆ ತಡವಾದಾಗ ಯಾವ ಬೀಜ ಬಿತ್ತಬೇಕೆಂದು ರೈತರಿಗೆ ಹೇಳುವ ವಿಜ್ಞಾನಿಗಳು, ಬೆಳೆದದ್ದನ್ನು ಕೊಳ್ಳುವವರು ಯಾರೆಂಬ ಪ್ರಶ್ನೆಗೂ ಅದೇ ಉಸಿರಿನಲ್ಲಿ ಉತ್ತರಿಸಲು ಸಾಧ್ಯವಾಗುತ್ತದೆ.